ಚಕ್ರದ ಇಂಚು ನಿಮ್ಮ ಅಳತೆಯಲ್ಲ: ಸೈಕಲ್ ಕುರಿತ ಪ್ರಶ್ನೆಗಳಿಗೆ ಉತ್ತರ

ಶಾಲೆ ತೆರೆಯುವ ಜೂನ್ ಹತ್ತಿರವಾದಾಗ ಒಮ್ಮೆ, ಮಳೆ ಕಳೆದು ಹಬ್ಬದ ರಿಯಾಯಿತಿಗಳು ಶುರುವಾದಾಗ ಇನ್ನೊಮ್ಮೆ, ಈ ಅಂಕಣಕ್ಕೆ ಬರುವ ಪ್ರಶ್ನೆಗಳೆಲ್ಲ ಒಂದೇ ವಿಷಯದ ಸುತ್ತ ತಿರುಗುತ್ತವೆ. ಸೈಕಲ್ ಯಾವುದೆಂದು ನಿಶ್ಚಯಿಸಿ ಆಗಿರುತ್ತದೆ, ಬಣ್ಣವೂ ಗೊತ್ತಾಗಿರುತ್ತದೆ, ಹಣವೂ ಸಿದ್ಧವಿರುತ್ತದೆ. ಆದರೆ ತಮಗೆ ಹೊಂದುವ ಅಳತೆಯ ಫ್ರೇಮಿನ ಮೇಲೆ ಪ್ರಶ್ನೆ ಕೇಳಿದವರು ಒಮ್ಮೆಯೂ ಕುಳಿತಿರುವುದಿಲ್ಲ. ಈ ಸಲ ಅಂಥ ಒಂದು ಪತ್ರಕ್ಕೆ ವಿವರವಾಗಿ ಉತ್ತರಿಸುತ್ತೇನೆ. ಉಳಿದವುಗಳಿಗೆ ಬೇಕಾದಷ್ಟೇ ಹೇಳುತ್ತೇನೆ.

ಪ್ರಶ್ನೆ: ನಾನು ಕಾಸರಗೋಡು ಜಿಲ್ಲೆಯ ಪೆರ್ಲದವನು, ಬದಿಯಡ್ಕದ ಶಾಲೆಯೊಂದರಲ್ಲಿ ಅಧ್ಯಾಪಕ. ವಯಸ್ಸು 41, ಎತ್ತರ 5 ಅಡಿ 5 ಇಂಚು. ದಿನವೂ ಹೋಗಿಬರಲು ಒಂದು ಹೈಬ್ರಿಡ್ ಸೈಕಲ್ (ರೋಡ್ ಬೈಕಿಗೂ ಮೌಂಟನ್ ಬೈಕಿಗೂ ನಡುವಿನ ಮಾದರಿ) ನೋಡಿಟ್ಟಿದ್ದೇನೆ. ಕಂಪನಿಯ ಪಟ್ಟಿಯಂತೆ ನನ್ನ ಎತ್ತರ ಸ್ಮಾಲ್ ಮತ್ತು ಮೀಡಿಯಂ ಎರಡರಲ್ಲೂ ಬರುತ್ತದೆ. ಅಂಗಡಿಯಲ್ಲಿ ಇರುವುದು ಲಾರ್ಜ್ ಒಂದೇ. ‘ಸೀಟು ಇಳಿಸಿಕೊಟ್ಟರೆ ಸಾಕು, ಬೆಲೆಯನ್ನೂ ಕಡಿಮೆ ಮಾಡುತ್ತೇನೆ’ ಎನ್ನುತ್ತಾರೆ. ಮೀಡಿಯಂ ಆನ್‌ಲೈನಿನಲ್ಲಿ ಸಿಗುತ್ತದೆ, ಆದರೆ ನೋಡದೆ ತರಿಸಬೇಕು. ಯಾವುದನ್ನು ಕೊಳ್ಳಲಿ?

ಉತ್ತರ: ಲಾರ್ಜ್ ಬೇಡ, ಎಷ್ಟು ರಿಯಾಯಿತಿ ಕೊಟ್ಟರೂ ಬೇಡ. ಮೀಡಿಯಂ ಅನ್ನು ಕೂಡ ಈಗಲೇ ತರಿಸಬೇಡಿ.

‘ಸೀಟು ಇಳಿಸಿದರೆ ಸಾಕು’ ಎಂಬ ಮಾತನ್ನು ನಮ್ಮ ಪೇಟೆಗಳಲ್ಲಿ ಎಷ್ಟು ಜನರಿಗೆ ಹೇಳಿ ಸೈಕಲ್ ಮಾರಿದ್ದಾರೋ ಲೆಕ್ಕವಿಲ್ಲ. ಸೀಟಿನ ಎತ್ತರ ಸೈಕಲ್ಲಿನಲ್ಲಿ ಅತ್ಯಂತ ಸುಲಭವಾಗಿ ಬದಲಾಯಿಸಬಹುದಾದ ಅಳತೆ, ಆದ್ದರಿಂದ ಫ್ರೇಮ್ ಹೊಂದುತ್ತದೆಯೇ ಎಂಬ ಪ್ರಶ್ನೆಯಲ್ಲಿ ಅದಕ್ಕೆ ಕೊನೆಯ ಸ್ಥಾನ. ಬದಲಾಯಿಸಲಾಗದ್ದು ಉದ್ದ, ಅಂದರೆ ನೀವು ಸೀಟಿನ ಮೇಲೆ ಕುಳಿತಾಗ ನಿಮ್ಮ ಕೈ ಹ್ಯಾಂಡಲ್ ತಲುಪಲು ಎಷ್ಟು ಚಾಚಬೇಕೆಂಬುದು. ಒಂದು ಅಳತೆಯಿಂದ ಮುಂದಿನ ಅಳತೆಗೆ ಹೋದಾಗ ಫ್ರೇಮಿನ ಮೇಲಿನ ಬಾರ್ ಸಾಮಾನ್ಯವಾಗಿ ಒಂದೂವರೆಯಿಂದ ಎರಡು ಸೆಂಟಿಮೀಟರ್ ಉದ್ದವಾಗುತ್ತದೆ. ಸೀಟಿನ ಕೊಳವೆ ಹಿಂದಕ್ಕೆ ವಾಲಿರುವುದರಿಂದ ಸೀಟು ಇಳಿಸಿದಾಗ ಅದು ತುಸು ಮುಂದೆಯೂ ಬರುತ್ತದೆ, ನಿಜ. ಆದರೆ ಮೂರು ಸೆಂಟಿಮೀಟರ್ ಇಳಿಸಿದರೂ ಮುಂದೆ ಬರುವುದು ಒಂದು ಸೆಂಟಿಮೀಟರಿಗಿಂತ ಕಡಿಮೆ. ಉಳಿದ ದೂರವನ್ನು ನಿಮ್ಮ ಬೆನ್ನು, ಹೆಗಲು ಮತ್ತು ಮಣಿಕಟ್ಟುಗಳೇ ತುಂಬಿಕೊಡಬೇಕು.

ಈ ಕೆಲವೇ ಸೆಂಟಿಮೀಟರ್ ಅಂಗಡಿಯ ಮುಂದಿನ ಸಮತಟ್ಟು ನೆಲದಲ್ಲಿ ಗೊತ್ತಾಗುವುದಿಲ್ಲ. ಪೆರ್ಲದಿಂದ ಬದಿಯಡ್ಕದವರೆಗಿನ ದಾರಿ ಚಡಾವು ಮತ್ತು ಇಳಿಜಾರುಗಳದ್ದೇ ಆಗಿರುವುದರಿಂದ ಅಲ್ಲಿ ಮೊದಲ ವಾರದಲ್ಲೇ ಗೊತ್ತಾಗುತ್ತದೆ. ಇಳಿಯುವಾಗ ದೇಹದ ಭಾರವೆಲ್ಲ ಕೈಗಳ ಮೇಲೆ ಬೀಳುತ್ತದೆ. ಮೊಣಕೈ ಮಡಚಲು ಅವಕಾಶವಿಲ್ಲದಷ್ಟು ಕೈ ಚಾಚಿದ್ದರೆ ಹೊಂಡದ ಪ್ರತಿಯೊಂದು ಹೊಡೆತವೂ ನೇರವಾಗಿ ಹೆಗಲಿಗೆ ಮತ್ತು ಕುತ್ತಿಗೆಗೆ ಏರುತ್ತದೆ. ಕಿರುಬೆರಳು, ಉಂಗುರಬೆರಳುಗಳು ಜೋಮು ಹಿಡಿಯುತ್ತವೆ, ಏಕೆಂದರೆ ಆ ಬೆರಳುಗಳಿಗೆ ಹೋಗುವ ನರ ಅಂಗೈಯ ಹೊರ ಅಂಚಿನಲ್ಲಿ ಅದುಮಿಹೋಗುತ್ತದೆ. ಜೋಮು ಹಿಡಿದ ಕೈಯಿಂದ, ಅದೂ ಮಳೆಗಾಲದ ಒದ್ದೆ ಇಳಿಜಾರಿನಲ್ಲಿ, ಬ್ರೇಕಿನ ಹಿಡಿಯನ್ನು ಹದವಾಗಿ ಒತ್ತಲಾಗುವುದಿಲ್ಲ ಎಂಬುದೇ ನನ್ನ ದೊಡ್ಡ ಆತಂಕ.

ಇನ್ನೊಂದು ಅಪಾಯವನ್ನು ನಮ್ಮ ಊರಿನ ರಸ್ತೆಗಳನ್ನು ಬಲ್ಲವರಿಗೆ ಮಾತ್ರ ವಿವರಿಸಿ ಹೇಳಬಹುದು. ಕಾಲು ಊರಿ ನಿಂತಾಗ ಮೇಲಿನ ಬಾರಿಗೂ ನಿಮ್ಮ ತೊಡೆಸಂದಿಗೂ ನಡುವೆ ಹೈಬ್ರಿಡ್ ಸೈಕಲ್ಲಿನಲ್ಲಿ ಎರಡರಿಂದ ಐದು ಸೆಂಟಿಮೀಟರ್ ಅಂತರವಿರಬೇಕು ಎನ್ನುವುದು ರೂಢಿಯ ಮಾತು. ಒಂದೆರಡು ಮಳೆಗಾಲ ಕಂಡ ರಸ್ತೆಯಲ್ಲಿ ಡಾಮರಿನ ಅಂಚು ಕೊಚ್ಚಿಹೋಗಿ, ಪಕ್ಕದ ಮುರಮಣ್ಣು ಅಂಗೈಯಗಲ ಕೆಳಗಿರುತ್ತದೆ. ಬಸ್ಸಿಗೆ ದಾರಿ ಕೊಡಲೆಂದು ಎಡಕ್ಕೆ ಸರಿದು ಎಡಗಾಲು ಊರಿದರೆ, ಕಾಲಿಗೆ ನೆಲ ಸಿಗುವುದು ಡಾಮರಿನ ಮಟ್ಟಕ್ಕಿಂತ ಅಷ್ಟು ಕೆಳಗೆ. ಆದ್ದರಿಂದ ನಮ್ಮ ಜಿಲ್ಲೆಯಲ್ಲಿ ಐದು ಸೆಂಟಿಮೀಟರಿಗಿಂತ ಕಡಿಮೆ ಅಂತರವನ್ನು ನಾನು ಯಾರಿಗೂ ಒಪ್ಪುವುದಿಲ್ಲ. ಲಾರ್ಜ್ ಫ್ರೇಮಿನಲ್ಲಿ ನಿಮ್ಮ ಎತ್ತರದವರಿಗೆ ಅಷ್ಟು ಅಂತರ ಸಿಗುವುದು ಕಷ್ಟ.

ಇನ್ನು ಮೀಡಿಯಂ ವಿಚಾರ. ಸ್ಮಾಲ್, ಮೀಡಿಯಂ, ಲಾರ್ಜ್ ಎಂಬ ಹೆಸರುಗಳಿಗೆ ಎಲ್ಲ ಕಂಪನಿಗಳೂ ಒಪ್ಪಿದ ಒಂದೇ ಅಳತೆಯಿಲ್ಲ. ಒಬ್ಬರ ಮೀಡಿಯಂ ಇನ್ನೊಬ್ಬರ ಸ್ಮಾಲಿಗೆ ಹತ್ತಿರವಿರುತ್ತದೆ. ಇಂಚುಗಳಲ್ಲಿ ಹೇಳಿದರೂ ಗೊಂದಲ ಮುಗಿಯದು: ಪೆಡಲಿನ ಅಚ್ಚಿನ (ಎರಡೂ ಪೆಡಲುಗಳ ತೋಳುಗಳು ಸೇರುವ, ಫ್ರೇಮಿನ ತಳದಲ್ಲಿರುವ ಅಚ್ಚಿನ) ನಡುವಿನಿಂದ ಸೀಟಿನ ಕೊಳವೆಯ ತುದಿಯವರೆಗೆ ಕೆಲವರು ಅಳೆಯುತ್ತಾರೆ, ಮೇಲಿನ ಬಾರ್ ಕೂಡುವ ಜಾಗದ ನಡುವಿನವರೆಗೆ ಇನ್ನು ಕೆಲವರು ಅಳೆಯುತ್ತಾರೆ, ಈಗಿನ ಫ್ರೇಮುಗಳಲ್ಲಿ ಆ ಬಾರ್ ಹಿಂದಕ್ಕೆ ಇಳಿದಿರುವುದರಿಂದ ಎರಡೂ ಅಂಕಿಗಳು ಉದ್ದದ ಬಗ್ಗೆ ಏನನ್ನೂ ತಿಳಿಸುವುದಿಲ್ಲ. ಎತ್ತರವನ್ನಷ್ಟೇ ಕೇಳಿ ಅಳತೆ ಹೇಳುವ ಪಟ್ಟಿ ಇನ್ನೂ ದುರ್ಬಲ. ಒಂದೇ ಎತ್ತರದ ಇಬ್ಬರಲ್ಲಿ ಒಬ್ಬರಿಗೆ ಕಾಲು ಉದ್ದ, ಮತ್ತೊಬ್ಬರಿಗೆ ಮುಂಡ ಉದ್ದ. ಪಟ್ಟಿ ಇಬ್ಬರಿಗೂ ಒಂದೇ ಸೈಕಲ್ ಕೊಡುತ್ತದೆ.

ಆದ್ದರಿಂದ ಮೊದಲು ನಿಮ್ಮ ಕಾಲನ್ನು ಅಳೆಯಿರಿ. ದರ್ಜಿ ಪ್ಯಾಂಟಿಗೆ ತೆಗೆದ ಅಳತೆ ಇದಕ್ಕೆ ಬರುವುದಿಲ್ಲ. ಬರಿಗಾಲಲ್ಲಿ ಗೋಡೆಗೆ ಬೆನ್ನು ಕೊಟ್ಟು ನಿಂತು, ದಪ್ಪ ಪುಸ್ತಕವೊಂದನ್ನು ತೊಡೆಗಳ ನಡುವೆ ಸೀಟಿನ ಒತ್ತಡದಷ್ಟೇ ಬಿಗಿಯಾಗಿ ಮೇಲಕ್ಕೊತ್ತಿ, ನೆಲದಿಂದ ಅದರ ಮೇಲಂಚಿನವರೆಗೆ ಮನೆಯವರಿಂದ ಅಳೆಸಬೇಕು. ಆ ಅಳತೆಯನ್ನು 0.883ರಿಂದ ಗುಣಿಸಿದರೆ ಪೆಡಲಿನ ಅಚ್ಚಿನ ನಡುವಿನಿಂದ ಸೀಟಿನ ಮೇಲ್ಮೈಗೆ ಇರಬೇಕಾದ ದೂರ ಸಿಗುತ್ತದೆ. ಟೂರ್ ಡಿ ಫ್ರಾನ್ಸ್ ಸ್ಪರ್ಧೆಯನ್ನು 1986, 1989 ಮತ್ತು 1990ರಲ್ಲಿ ಗೆದ್ದ ಗ್ರೆಗ್ ಲೆಮಾಂಡ್ ಅವರ ಹೆಸರಿನಲ್ಲಿ ಪ್ರಚಾರಕ್ಕೆ ಬಂದ ಲೆಕ್ಕವಿದು. ಕಾಲಿನ ಅಳತೆ 76 ಸೆಂಟಿಮೀಟರ್ ಆದರೆ ಸೀಟು ಸುಮಾರು 67 ಸೆಂಟಿಮೀಟರ್ ಎತ್ತರದಲ್ಲಿರಬೇಕು. ಅಲ್ಲಿಂದ ಅರ್ಧ ಸೆಂಟಿಮೀಟರಿನಂತೆ ಏರಿಸಿ ಇಳಿಸಿ ನೋಡುವುದು ನಿಮ್ಮ ಕೆಲಸ. ಪಾದರಕ್ಷೆ, ಪೆಡಲಿನ ದಪ್ಪ, ಕ್ರ್ಯಾಂಕಿನ (ಪೆಡಲ್ ಹಿಡಿದಿರುವ ತೋಳಿನ) ಉದ್ದ ಇವೆಲ್ಲ ಆ ಅಂಕಿಯನ್ನು ತುಸು ಬದಲಾಯಿಸುತ್ತವೆ.

ಅಳತೆ ಕೈಯಲ್ಲಿ ಹಿಡಿದು ಒಂದು ರಜಾದಿನ ಮಂಗಳೂರಿಗೆ ಹೋಗಿ. ನೀವು ಕೊಳ್ಳಬೇಕೆಂದಿರುವ ಅದೇ ಮಾದರಿಯ ಸ್ಮಾಲ್ ಮತ್ತು ಮೀಡಿಯಂ ಎರಡೂ ಇರುವ ಅಂಗಡಿಯನ್ನು ಮುಂಚೆಯೇ ಫೋನು ಮಾಡಿ ವಿಚಾರಿಸಿಕೊಳ್ಳಿ. ಶಾಲೆಗೆ ಹಾಕಿಕೊಂಡು ಹೋಗುವ ಪಾದರಕ್ಷೆಯನ್ನೇ ಹಾಕಿಕೊಂಡಿರಿ. ಹತ್ತುವ ಮೊದಲು ಸೀಟನ್ನು ನಿಮ್ಮ ಲೆಕ್ಕದ ಎತ್ತರಕ್ಕೆ ತಂದು, ಟೈರುಗಳಿಗೆ ಸರಿಯಾಗಿ ಗಾಳಿ ತುಂಬಿಸಿಕೊಳ್ಳಿ, ಏಕೆಂದರೆ ಪ್ರದರ್ಶನಕ್ಕಿಟ್ಟ ಸೈಕಲ್ಲುಗಳಲ್ಲಿ ಎರಡೂ ಸರಿಯಿರುವುದು ಅಪರೂಪ. ಮಂಗಳೂರಿನಲ್ಲಿ ಏರು ಇಳಿಜಾರುಗಳಿಗೆ ಕೊರತೆಯಿಲ್ಲ. ಇಪ್ಪತ್ತು ನಿಮಿಷವಾದರೂ ರಸ್ತೆಯಲ್ಲಿ ತುಳಿಯಿರಿ. ಮೊಣಕೈ ತುಸು ಮಡಚಿದಂತೆಯೇ ಹ್ಯಾಂಡಲ್ ಸಿಗುತ್ತದೆಯೇ, ಎರಡು ಬೆರಳುಗಳಿಗೆ ಬ್ರೇಕು ಎಟಕುತ್ತದೆಯೇ, ತಿರುವಿನಲ್ಲಿ ಪಾದದ ತುದಿ ಮುಂದಿನ ಚಕ್ರಕ್ಕೆ ತಾಗುತ್ತದೆಯೇ ಎಂಬುದನ್ನು ಗಮನಿಸಿ. ಕೊನೆಯದು ಸಣ್ಣ ಫ್ರೇಮುಗಳ ದೋಷ. ಅಂಗಡಿಯೊಳಗೆ ಸ್ಟ್ಯಾಂಡ್ ಹಾಕಿದ ಸೈಕಲ್ಲಿನ ಮೇಲೆ ಕೂರಿಸಿ ‘ಸರಿಯಾಗಿದೆ’ ಎನ್ನುವವರಲ್ಲಿ ಕೊಳ್ಳಬೇಡಿ.

ಎರಡರ ನಡುವೆ ನಿರ್ಧಾರವಾಗದಿದ್ದರೆ ಸ್ಮಾಲ್ ಆರಿಸಿ. ಹೆಚ್ಚು ಚಾಚಿ ಕೂರುವುದನ್ನು ಇಷ್ಟಪಡುವ ತರುಣರಿಗೆ ಬೇರೆ ತಜ್ಞರು ಬೇರೆ ಸಲಹೆ ಕೊಡಬಹುದು. ದಿನವೂ ಕೆಲಸಕ್ಕೆ ಹೋಗಿಬರುವ ನಡುವಯಸ್ಸಿನವರಿಗೆ ನನ್ನ ಉತ್ತರ ಇದೊಂದೇ. ಚಿಕ್ಕ ಫ್ರೇಮಿನಲ್ಲಿ ಸೀಟಿನ ಪಿಲ್ಲರನ್ನು ಅದರ ಮೇಲೆ ಕೊರೆದಿರುವ ಗರಿಷ್ಠ ಗುರುತಿನವರೆಗೆ ಏರಿಸಬಹುದು, ಹ್ಯಾಂಡಲಿನ ಸ್ಟೆಮ್ (ಹ್ಯಾಂಡಲನ್ನು ಸೈಕಲ್ಲಿಗೆ ಜೋಡಿಸುವ ತುಂಡು) ಅನ್ನು ಒಂದೆರಡು ಸೆಂಟಿಮೀಟರ್ ಉದ್ದದ್ದಕ್ಕೆ ಬದಲಿಸಬಹುದು. ದೊಡ್ಡ ಫ್ರೇಮಿನಲ್ಲಿ ಸ್ಟೆಮ್ ಅನ್ನು ತೀರಾ ಗಿಡ್ಡ ಮಾಡಿದರೆ ಹ್ಯಾಂಡಲ್ ಚಂಚಲವಾಗುತ್ತದೆ. ಕೈ ಎಟಕಲೆಂದು ಸೀಟನ್ನು ಮುಂದಕ್ಕೆ ತಳ್ಳಿದರೆ ಮಂಡಿ ಪೆಡಲಿಗಿಂತ ಮುಂದೆ ಬಂದು ನೋವು ಆರಂಭವಾಗುತ್ತದೆ. ಸೀಟನ್ನು ಮುಂದೆ ಹಿಂದೆ ಸರಿಸುವುದು ಮಂಡಿಗಾಗಿ, ಕೈಗಾಗಿ ಅಲ್ಲ.

ಮಂಗಳೂರಿಗೂ ಹೋಗಲಾಗದು, ತರಿಸಲೇಬೇಕು ಎನ್ನುವುದಾದರೆ, ನಿಮಗೆ ನಿಜವಾಗಿ ಹೊಂದುವ ಯಾರದಾದರೂ ಸೈಕಲನ್ನು ಒಂದು ಗಂಟೆ ತುಳಿದು, ಅದರ ಸ್ಟ್ಯಾಕ್ ಮತ್ತು ರೀಚ್ ಅಂಕಿಗಳನ್ನು ನೀವು ತರಿಸುವ ಸೈಕಲ್ಲಿನ ಅಂಕಿಗಳೊಂದಿಗೆ ಹೋಲಿಸಿ ನೋಡಿ. ಪೆಡಲಿನ ಅಚ್ಚಿನ ನಡುವಿನಿಂದ ಹ್ಯಾಂಡಲ್ ಹೊರುವ ಕೊಳವೆಯ ನೆತ್ತಿಯವರೆಗೆ ಮೇಲ್ಮುಖವಾಗಿ ಅಳೆದದ್ದು ಸ್ಟ್ಯಾಕ್, ಅಡ್ಡಲಾಗಿ ಅಳೆದದ್ದು ರೀಚ್. ಈ ಎರಡನ್ನು ಪ್ರಕಟಿಸದ ಕಂಪನಿಯ ಸೈಕಲನ್ನು ನೋಡದೆ ತರಿಸಬಾರದು. ‘ಹೊಂದದಿದ್ದರೆ ಮರಳಿಸಿದರಾಯಿತು’ ಎಂಬ ಧೈರ್ಯವೂ ಬೇಡ. 2020ರ ಗ್ರಾಹಕ ಸಂರಕ್ಷಣಾ (ಇ-ವಾಣಿಜ್ಯ) ನಿಯಮಗಳು ದೋಷವಿರುವ, ಅಥವಾ ಹೇಳಿದಂತೆ ಇಲ್ಲದ ಸರಕನ್ನು ಮಾರಿದವರು ಮರಳಿ ಪಡೆಯಬೇಕೆನ್ನುತ್ತವೆ. ನಿಮ್ಮ ಮೈಗೆ ಹೊಂದದಿರುವುದು ಸರಕಿನ ದೋಷವಲ್ಲ. ಎರಡು ದಿನ ತುಳಿದ ಮೇಲೆ ಯಾರೂ ಅದನ್ನು ಹೊಸದೆಂದು ಒಪ್ಪುವುದಿಲ್ಲ.

ಪ್ರಶ್ನೆ: ನನ್ನ ಎತ್ತರ 5 ಅಡಿ 4 ಇಂಚು. 26 ಇಂಚಿನ ಸೈಕಲ್ ಸಾಕೇ, 29 ಇಂಚಿನದು ಬೇಕೇ? (ಕುಂಬಳೆ)

ಉತ್ತರ: ಎರಡೂ ಚಕ್ರದ ಅಂಕಿಗಳು, ನಿಮ್ಮ ಎತ್ತರಕ್ಕೆ ಉತ್ತರ ಕೊಡುವ ಅಂಕಿಗಳಲ್ಲ. ಈ ತಪ್ಪು ತಿಳುವಳಿಕೆಗೆ ಕಾರಣವಿದೆ. ಹಿಂದೆ ದೊಡ್ಡವರ ಕಪ್ಪು ಸೈಕಲ್ಲುಗಳಿಗೆಲ್ಲ 28 ಇಂಚಿನ ಚಕ್ರವೇ ಇದ್ದುದರಿಂದ, ಅಂಗಡಿಯಲ್ಲಿ ‘22 ಇಂಚು’, ‘24 ಇಂಚು’ ಎಂದು ಕೇಳಿದರೆ ಅದು ಫ್ರೇಮಿನ ಅಳತೆಯೇ ಆಗಿತ್ತು. ಈಗ ಅದೇ ಅಭ್ಯಾಸದಿಂದ ಚಕ್ರದ ಅಂಕಿಯನ್ನು ಸೈಕಲ್ಲಿನ ಅಳತೆಯೆಂದು ಹೇಳಿ ಮಾರುತ್ತಿದ್ದಾರೆ. ಆ ಅಂಕಿಯಾದರೂ ನಂಬುವಂಥದ್ದಲ್ಲ: 29 ಇಂಚು ಎನ್ನುವ ಚಕ್ರದ ರಿಮ್ಮಿನಲ್ಲಿ ಟೈರು ಕೂರುವ ವ್ಯಾಸ 622 ಮಿಲಿಮೀಟರ್, ಹಳೆಯ ಕಪ್ಪು ಸೈಕಲ್ಲಿನ 28 ಇಂಚಿನದ್ದು 635 ಮಿಲಿಮೀಟರ್. 28 ಎನ್ನುವುದು 29ಕ್ಕಿಂತ ದೊಡ್ಡದಿರುವಾಗ ಆ ಅಂಕಿಯಿಂದ ನಿಮ್ಮ ಮೈಯನ್ನು ಅಳೆಯುವುದು ಹೇಗೆ? ಫ್ರೇಮಿನ ಅಳತೆ ಕೇಳಿ. ಒಂದೇ ಅಳತೆಯ ಫ್ರೇಮಿನಲ್ಲಿ ಬರುವ ಅಗ್ಗದ ಮಾದರಿಯಾದರೆ, ಅದು ನಿಮ್ಮದಲ್ಲದ ಅಳತೆಯಾಗಿರುವ ಸಾಧ್ಯತೆಯೇ ಹೆಚ್ಚು.

ಪ್ರಶ್ನೆ: ಮಗನಿಗೆ 9 ವರ್ಷ. ಬೇಗ ಬೆಳೆಯುತ್ತಾನಾದ್ದರಿಂದ ದೊಡ್ಡ ಸೈಕಲ್ಲೇ ಕೊಡಿಸೋಣ ಎಂದಿದ್ದೇವೆ. ಸೀಟು ಎತ್ತರಿಸಿ ಕಾಲು ಚಾಚಿ ತುಳಿದರೆ ಮಕ್ಕಳು ಎತ್ತರವಾಗುತ್ತಾರೆಂದು ವ್ಯಾಯಾಮ ಹೇಳಿಕೊಡುವವರೊಬ್ಬರು ಹೇಳಿದರು. (ಮುಳ್ಳೇರಿಯ)

ಉತ್ತರ: ಹಾಗೆ ಹೇಳಿದವರ ಬಳಿಗೆ ಮಗುವನ್ನು ಮತ್ತೆ ಕಳುಹಿಸಬೇಡಿ. ಮೂಳೆ ಉದ್ದವಾಗುವುದು ಅದರ ತುದಿಗಳಲ್ಲಿರುವ ಬೆಳವಣಿಗೆಯ ಫಲಕಗಳಲ್ಲಿ. ಅದನ್ನು ನಿರ್ಧರಿಸುವುದು ತಂದೆತಾಯಿಗಳಿಂದ ಬಂದ ಗುಣ, ಆಹಾರ, ಆರೋಗ್ಯ ಮತ್ತು ಹಾರ್ಮೋನುಗಳು. ಎಟಕದ ಪೆಡಲನ್ನು ಎಟಕಿಸಿಕೊಳ್ಳಲು ಮಗು ಸೊಂಟವನ್ನು ಎಡಕ್ಕೂ ಬಲಕ್ಕೂ ಜಾರಿಸುತ್ತದೆ, ಅದರಿಂದ ಸಿಗುವುದು ಬೆನ್ನುನೋವು ಮಾತ್ರ. ದೊಡ್ಡ ಸೈಕಲ್ ತೆಗೆದರೆ ಎರಡು ವರ್ಷ ಹೆಚ್ಚು ಬರುತ್ತದೆಂಬ ಲೆಕ್ಕವೂ ಅಷ್ಟೇ ಕೆಟ್ಟದ್ದು: ಆ ಎರಡು ವರ್ಷವೂ ಮಗು ನಿಲ್ಲಿಸಲಾಗದ ವಾಹನದ ಮೇಲೆ ರಸ್ತೆಗಿಳಿಯುತ್ತದೆ. ಹಣ ಉಳಿಸಬೇಕಾದರೆ ಸರಿಯಾದ ಅಳತೆಯ ಹಳೆಯ ಸೈಕಲ್ ಕೊಳ್ಳಿ, ಬೆಳೆದಾಗ ಮಾರಿ. ಮಗುವನ್ನು ಕರೆದುಕೊಂಡೇ ಹೋಗಿ; ಹುಟ್ಟುಹಬ್ಬಕ್ಕೆ ಗುಟ್ಟಾಗಿ ತರುವ ವಸ್ತು ಇದಲ್ಲ.

ಪ್ರಶ್ನೆ: ಹೊಸ ಸೈಕಲ್ ತುಳಿಯತೊಡಗಿದ ಮೇಲೆ ಮಂಡಿಯ ಮುಂಭಾಗ ನೋಯುತ್ತಿದೆ. ಎಣ್ಣೆ ತಿಕ್ಕಿಸಿಕೊಳ್ಳುತ್ತಿದ್ದೇನೆ. (ಉಪ್ಪಳ)

ಉತ್ತರ: ಎಣ್ಣೆಯಿಂದ ಸೀಟು ಮೇಲೇರುವುದಿಲ್ಲ. ಮಂಡಿಯ ಮುಂದೆ ನೋವೆಂದರೆ ಹೆಚ್ಚಾಗಿ ಸೀಟು ತಗ್ಗಿದೆ ಅಥವಾ ತೀರಾ ಮುಂದಿದೆ ಎಂದರ್ಥ, ಮಂಡಿಯ ಹಿಂದೆ ನೋವಾದರೆ ತೀರಾ ಎತ್ತರವಿದೆ. ಅರ್ಧ ಸೆಂಟಿಮೀಟರಿನಂತೆ ಏರಿಸುತ್ತ ಬನ್ನಿ. ಬಾವು ಬಂದಿದ್ದರೆ, ಮಂಡಿ ಸಿಕ್ಕಿಕೊಳ್ಳುತ್ತಿದ್ದರೆ, ಸುಮ್ಮನೆ ಕುಳಿತಾಗಲೂ ನೋಯುತ್ತಿದ್ದರೆ ತುಳಿಯುವುದನ್ನು ನಿಲ್ಲಿಸಿ ಮೂಳೆತಜ್ಞರನ್ನು ಕಾಣಿ.

ಪ್ರಶ್ನೆ: ಸೀಟಿಗೆ ಜೆಲ್ ಕವರ್ ಹಾಕಿದರೆ ಕೈ ಜೋಮು ಹಿಡಿಯುವುದು ನಿಲ್ಲುತ್ತದೆಯೇ? (ಕಾಸರಗೋಡು)

ಉತ್ತರ: ಇಲ್ಲ.

ಪ್ರಶ್ನೆ: ಬಾರ್ ಇಲ್ಲದ, ಹೆಂಗಸರ ಸೈಕಲ್ ಎನ್ನುವ ಮಾದರಿಗೆ ಅಳತೆ ನೋಡಬೇಕಾಗಿಲ್ಲ ಎನ್ನುತ್ತಾರೆ. ನಿಜವೇ? (ಮಂಜೇಶ್ವರ)

ಉತ್ತರ: ನಿಂತಾಗ ಬಾರ್ ತಾಗುವ ಭಯವಿಲ್ಲ, ಸೀರೆ ಉಟ್ಟೂ ಹತ್ತಬಹುದು ಎಂಬಷ್ಟು ನಿಜ. ಕೈ ಚಾಚುವ ಉದ್ದ ಅದರಲ್ಲಿಯೂ ಇದ್ದೇ ಇದೆ, ಆದ್ದರಿಂದ ಮೇಲೆ ಅಧ್ಯಾಪಕರಿಗೆ ಹೇಳಿದ್ದೆಲ್ಲ ನಿಮಗೂ ಅನ್ವಯಿಸುತ್ತದೆ. ಈ ಮಾದರಿ ಗಂಡಸರಿಗೂ, ಮುಖ್ಯವಾಗಿ ಕಾಲೆತ್ತಿ ದಾಟಿಸಲು ಕಷ್ಟಪಡುವ ಹಿರಿಯರಿಗೆ, ಚೆನ್ನಾಗಿ ಒಪ್ಪುತ್ತದೆ.

ಪ್ರಶ್ನೆ: ಪೆಟ್ಟಿಗೆಯಲ್ಲಿ ಬಂದ ಸೈಕಲನ್ನು ಮನೆಯಲ್ಲೇ ಜೋಡಿಸಿದೆ. ತಿರುಗಿಸುವಾಗ ಏನೋ ಸರಿಯಿಲ್ಲ ಅನ್ನಿಸುತ್ತಿದೆ. (ನೀರ್ಚಾಲು)

ಉತ್ತರ: ಮುಂದಿನ ಫೋರ್ಕ್ (ಮುಂದಿನ ಚಕ್ರವನ್ನು ಹಿಡಿದಿರುವ ಕವಲು) ಹಿಂದುಮುಂದಾಗಿ ಕುಳಿತಿದೆಯೇ ಎಂದು ಮೊದಲು ನೋಡಿ. ರಿಮ್ಮನ್ನು ಒತ್ತುವ ಬ್ರೇಕಾಗಿದ್ದು, ಮುಂದಿನದು ಸವಾರನ ಕಡೆಗೆ ತಿರುಗಿದ್ದರೆ ಹಾಗೆಯೇ ಆಗಿದೆ. ಎಡ ಪೆಡಲಿನ ಮರೆಯ (ಥ್ರೆಡ್) ತಿರುವು ಉಲ್ಟಾ ಇರುತ್ತದೆ. ಅದನ್ನು ಬಲದಂತೆಯೇ ಬಲವಂತವಾಗಿ ತಿರುಗಿಸಿದ್ದರೆ ಕ್ರ್ಯಾಂಕಿನ ಮರೆ ಹಾಳಾಗಿರುತ್ತದೆ, ತುಳಿಯುವಾಗ ಪೆಡಲು ಕಳಚಿಬೀಳುತ್ತದೆ. ಎರಡನ್ನೂ ಹತ್ತಿರದ ಮೆಕ್ಯಾನಿಕ್ ಒಬ್ಬರಿಗೆ ತೋರಿಸುವವರೆಗೆ ರಸ್ತೆಗೆ ಇಳಿಸಬೇಡಿ, ಅವರ ಅಂಗಡಿಯವರೆಗೂ ತಳ್ಳಿಕೊಂಡೇ ಹೋಗಿ.