ಹಳದಿ ಇದ್ದ ಮಾತ್ರಕ್ಕೆ ವಿಟಮಿನ್ ಎ ಇರುತ್ತಾ?

ನಮ್ಮ ಮೆಕ್ಕೆಜೋಳ ಹೇಗೂ ಹಳದಿನೇ ಅಲ್ವಾ, ಮತ್ತೆ ವಿಟಮಿನ್ ಎ ತಳಿ ಅಂತ ಬೇರೆ ಯಾಕೆ, ಅದು ಕುಲಾಂತರಿಯಾ ಅಂತ ಕೇಳಿದ್ದೀರಿ.

ಕುಲಾಂತರಿ ಅಲ್ಲ. ಇನ್ನು ಬಣ್ಣ ನೋಡಿ ಮೋಸ ಹೋಗುವುದು ಸಹಜ. ಆ ಹಳದಿ ಬಹುಪಾಲು ಲ್ಯೂಟಿನ್, ಜಿಯಾಜಾಂಥಿನ್ ಎಂಬ ಬಣ್ಣದ ವಸ್ತುಗಳದು. ಕಣ್ಣಿಗೆ ಒಳ್ಳೆಯವೇ, ಆದರೆ ದೇಹ ಅವುಗಳಿಂದ ವಿಟಮಿನ್ ಎ ಮಾಡಿಕೊಳ್ಳುವುದಿಲ್ಲ. ಅದಕ್ಕೆ ಬೀಟಾ ಕ್ಯಾರೊಟಿನ್ ಬೇಕು. ಕಾಳಿನಲ್ಲಿ ಅದೂ ತಯಾರಾಗುತ್ತದೆ, ಆದರೆ ಒಂದು ಕಿಣ್ವ ಅದನ್ನು ಜಿಯಾಜಾಂಥಿನ್ ಕಡೆಗೆ ತಿರುಗಿಸಿಬಿಡುತ್ತದೆ. ಕೆಲವು ಮೆಕ್ಕೆಜೋಳಗಳಲ್ಲಿ ಈ ಕಿಣ್ವದ ಜೀನ್ ಹುಟ್ಟಿನಿಂದಲೇ ಸೋಮಾರಿ, ಹಾಗಾಗಿ ಬೀಟಾ ಕ್ಯಾರೊಟಿನ್ ಕಾಳಿನಲ್ಲೇ ಹೆಚ್ಚು ಉಳಿಯುತ್ತದೆ! ಆ ಸೋಮಾರಿ ಜೀನನ್ನು ಅಡ್ಡತಳಿ ಮಾಡಿ ನಮ್ಮ ತಳಿಗೆ ತಂದಿದ್ದಾರೆ, ಅಷ್ಟೇ. ದೆಹಲಿಯ ಪೂಸಾ ಕೃಷಿ ಸಂಶೋಧನಾ ಸಂಸ್ಥೆಯ ‘ಪೂಸಾ ವಿವೇಕ್ ಕ್ಯೂಪಿಎಂ 9 ಇಂಪ್ರೂವ್ಡ್’ ಬಂದದ್ದು ಹೀಗೆ, 2017ರಲ್ಲಿ. ಅದರಲ್ಲಿ ಪ್ರೊವಿಟಮಿನ್ ಎ (ದೇಹ ವಿಟಮಿನ್ ಎ ಮಾಡಿಕೊಳ್ಳಬಲ್ಲ ಬೀಟಾ ಕ್ಯಾರೊಟಿನ್‌ನಂಥ ವಸ್ತು) ಸುಮಾರು 8 ಪಿಪಿಎಂ, ಅಂದರೆ ಕಿಲೋಗೆ 8 ಮಿಲಿಗ್ರಾಂ; ಮಾಮೂಲಿ ಹೈಬ್ರಿಡ್‌ಗಳಲ್ಲಿ 1–2 ಅಷ್ಟೇ. ಪ್ರೋಟೀನಿನ ಗುಣ ಹೆಚ್ಚಿಸುವ ಲೈಸಿನ್, ಟ್ರಿಪ್ಟೊಫ್ಯಾನ್ ಕೂಡ ಜಾಸ್ತಿ.

ಬೆಳೆಯುವುದಾದರೆ, ಪಕ್ಕದ ಹೊಲದ ಬೇರೆ ತಳಿಯ ಪರಾಗ ಬಿದ್ದರೆ ಕಾಳಿನ ಗುಣ ಇಳಿಯುತ್ತದೆ. ತಿಂಗಳುಗಟ್ಟಲೆ ದಾಸ್ತಾನು ಇಟ್ಟರೂ ಕ್ಯಾರೊಟಿನ್ ಕರಗುತ್ತಾ ಹೋಗುತ್ತದೆ. ಹೈಬ್ರಿಡ್ ಆದ್ದರಿಂದ ಬೀಜವನ್ನು ಪ್ರತಿ ಸಲ ಹೊಸದಾಗಿ ತರಬೇಕು. ನಮ್ಮ ಹಾವೇರಿ, ದಾವಣಗೆರೆ ಕಡೆ ಹೆಚ್ಚಿನ ಮಾಲು ಕೋಳಿ ಫೀಡ್‌ಗೆ ಹೋಗುತ್ತದೆ. ಮನೆಯಲ್ಲಿ ರೊಟ್ಟಿ ತಟ್ಟುವವರಾದರೆ ಮಾತ್ರ ಇಷ್ಟೆಲ್ಲ ಜಂಜಾಟಕ್ಕೆ ಅರ್ಥ ಇದೆ ಅನ್ನಿಸುತ್ತದೆ ನನಗೆ.