ಎಂವೈಸಿಎನ್ ಜೀನ್ ಜಾಸ್ತಿ ಇದ್ದರೆ ಮಗುವಿಗೆ ಹಾಲು-ತುಪ್ಪ ನಿಲ್ಲಿಸಬೇಕಾ?

ನಿಮ್ಮ ಅಕ್ಕನ ಮಗುವಿಗೆ ನ್ಯೂರೋಬ್ಲಾಸ್ಟೋಮಾ (ಎಳೆಯ ನರ ಜೀವಕೋಶಗಳಿಂದ ಶುರುವಾಗುವ, ಚಿಕ್ಕ ಮಕ್ಕಳಿಗೆ ಬರುವ ಕ್ಯಾನ್ಸರ್), ರಿಪೋರ್ಟಿನಲ್ಲಿ ‘ಎಂವೈಸಿಎನ್ ಆಂಪ್ಲಿಫೈಡ್’, ಅಂದರೆ ಎಂವೈಸಿಎನ್ ಅನ್ನೋ ಜೀನಿನ ಪ್ರತಿಗಳು ಗಡ್ಡೆಯಲ್ಲಿ ಜಾಸ್ತಿ ಅಂತ ಬಂದಿದೆ ಎಂದಿದ್ದೀರಿ. ಈ ಕ್ಯಾನ್ಸರ್ ಕೊಬ್ಬು ತಿಂದು ಬೆಳೆಯುತ್ತದಂತೆ, ಹಾಗಾದರೆ ಹಾಲು-ತುಪ್ಪ ನಿಲ್ಲಿಸಬೇಕಾ ಅಂತ ನಿಮ್ಮ ಪ್ರಶ್ನೆ. ಬೇಡ, ನಿಲ್ಲಿಸಬೇಡಿ. ನಾನು ಡಾಕ್ಟರ್ ಅಲ್ಲ, ಲ್ಯಾಬಿನಲ್ಲಿ ಕ್ಯಾನ್ಸರ್ ಜೀವಕೋಶ ಬೆಳೆಸುವ ಕೆಲಸ ನನ್ನದು. ಯಾಕೆ ಬೇಡ ಅನ್ನೋದನ್ನು ಮಾತ್ರ ಹೇಳಬಲ್ಲೆ.

ಈ ಜೀನ್ ಎಲ್ಲರಲ್ಲೂ ಇದೆ. ಅಮ್ಮನಿಂದ ಒಂದು, ಅಪ್ಪನಿಂದ ಒಂದು, ಒಟ್ಟು ಎರಡು ಪ್ರತಿ. ಮಗು ಹೊಟ್ಟೆಯಲ್ಲಿದ್ದಾಗ ನರಗಳ ಬೆಳವಣಿಗೆಗೆ ಇದು ಬೇಕು. ಆಮೇಲೆ ಹೆಚ್ಚುಕಮ್ಮಿ ಸುಮ್ಮನಾಗುತ್ತದೆ. ಆದರೆ ಸುಮಾರು ಐದರಲ್ಲಿ ಒಂದು ನ್ಯೂರೋಬ್ಲಾಸ್ಟೋಮಾದಲ್ಲಿ ಇದರ ಹತ್ತಾರು, ಕೆಲವೊಮ್ಮೆ ನೂರಕ್ಕೂ ಜಾಸ್ತಿ ಪ್ರತಿಗಳಿರುತ್ತವೆ. ಜೀನಿಗೆ ಹೊಳೆಯುವ ಬಣ್ಣ ಅಂಟಿಸಿ ಪ್ರತಿ ಎಣಿಸುವ ‘ಫಿಶ್’ ಅನ್ನೋ ಟೆಸ್ಟ್ ಮಾಡಿರುತ್ತಾರಲ್ವಾ? ಅದರಲ್ಲಿ ಮಾಮೂಲಿ ಜೀವಕೋಶದೊಳಗೆ ಎರಡೇ ಚುಕ್ಕಿ ಹೊಳೆಯುತ್ತವೆ. ಇಂಥ ಗಡ್ಡೆಯ ಜೀವಕೋಶದಲ್ಲಿ ಸಾಸಿವೆ ಚೆಲ್ಲಿದ ಹಾಗೆ ಚುಕ್ಕಿಗಳು.

ಈ ಜೀನಿನಿಂದ ಬರುವ ಪ್ರೋಟೀನ್ ಬೇರೆ ಜೀನ್‌ಗಳ ಸ್ವಿಚ್ ಮೇಲೆ ಕೂತು ಅವನ್ನು ಆನ್ ಮಾಡುತ್ತದೆ. ಬೇಗ ಬೇಗ ಒಡೆದು ಎರಡಾಗುವ ಜೀವಕೋಶಕ್ಕೆ ಹೊಸ ಹೊರಪೊರೆ ಬೇಕು. ಪೊರೆ ಅಂದರೆ ಮುಖ್ಯವಾಗಿ ಕೊಬ್ಬೇ. ಹಾಗಾಗಿ ಕೊಬ್ಬು ತಯಾರಿಸುವ ಜೀನ್‌ಗಳೂ ಆನ್, ಹೊರಗಿಂದ ಕೊಬ್ಬು ಎಳೆದುಕೊಳ್ಳುವ ಜೀನ್‌ಗಳೂ ಆನ್. ಎಳೆದುಕೊಳ್ಳುವ ಬಾಗಿಲುಗಳಲ್ಲಿ ಒಂದರ ಹೆಸರು ಎಫ್‌ಎಟಿಪಿ2. ಅಮೆರಿಕದ ಹ್ಯೂಸ್ಟನ್ನಿನ ಬೇಲರ್ ಕಾಲೇಜಿನವರು 2022ರಲ್ಲಿ ಇದನ್ನು ತೋರಿಸಿದರು. ಆ ಬಾಗಿಲು ಮುಚ್ಚಿದಾಗ ಇಲಿಗಳಲ್ಲಿ ಗಡ್ಡೆಯ ಬೆಳವಣಿಗೆ ಕುಗ್ಗಿತು.

ನನಗೆ ಇನ್ನೂ ಮಜಾ ಅನ್ನಿಸುವುದು 2013ರ ಒಂದು ಸ್ವೀಡನ್ ಪ್ರಯೋಗ. ಎಂವೈಸಿಎನ್ ಪ್ರೋಟೀನಿನ ಕೆಲಸವನ್ನು ಒಂದು ರಾಸಾಯನಿಕದಿಂದ ತಡೆದರು. ಕೊಬ್ಬು ಕಮ್ಮಿಯಾಗಬೇಕಿತ್ತು ಅಲ್ವಾ? ಉಲ್ಟಾ ಆಯಿತು. ಜೀವಕೋಶದೊಳಗೆ ಕೊಬ್ಬಿನ ಹನಿಗಳು ತುಂಬಿಕೊಂಡವು. ಕೊಬ್ಬನ್ನು ಸುಡುವ ಮೈಟೋಕಾಂಡ್ರಿಯಾ ಕೈಕೊಟ್ಟಿತ್ತು, ಸುಡದ ಕೊಬ್ಬು ಅಲ್ಲೇ ಉಳಿಯಿತು. ಅಂದರೆ ತರಿಸುವುದೂ ಇದೇ ಜೀನ್, ಸುಡಿಸುವುದೂ ಇದೇ.

ಈಗ ತುಪ್ಪದ ವಿಷಯ. ಊಟದಲ್ಲಿ ಕೊಬ್ಬು ಬಿಟ್ಟರೂ ರಕ್ತದಲ್ಲಿ ಕೊಬ್ಬು ಇದ್ದೇ ಇರುತ್ತದೆ. ಮಗು ಉಪವಾಸ ಇದ್ದರೆ ಮೈಯಲ್ಲಿ ಕೂಡಿಟ್ಟ ಕೊಬ್ಬು ಕರಗಿ ರಕ್ತಕ್ಕೆ ಬರುತ್ತದೆ. ಗಡ್ಡೆಯಂತೂ ಸಕ್ಕರೆಯಿಂದಲೇ ಕೊಬ್ಬು ಮಾಡಿಕೊಳ್ಳಬಲ್ಲದು. ಸೊರಗುವುದು ಮಗು ಮಾತ್ರ. ಕೀಮೋದಲ್ಲಿ ಮೊದಲೇ ವಾಂತಿ, ಬಾಯಿಹುಣ್ಣು, ಊಟ ಸೇರಲ್ಲ. ತೂಕ ಇಳಿದ ಮಕ್ಕಳಿಗೆ ಕೀಮೋ ತಡೆದುಕೊಳ್ಳುವುದು ಇನ್ನೂ ಕಷ್ಟ. ಇನ್ನೊಂದು ಮಾತು: ಕೊಬ್ಬೇ ಜಾಸ್ತಿ ಇರುವ ಕೀಟೋ ಆಹಾರದಿಂದ ಇಲಿಗಳಲ್ಲಿ ಈ ಗಡ್ಡೆ ನಿಧಾನವಾಗಿದ್ದೂ ಉಂಟು. ಹಾಗಂತ ಅದನ್ನೂ ಮನೆಯಲ್ಲಿ ಶುರು ಮಾಡಬೇಡಿ. ಇಲಿಯ ಲೆಕ್ಕ ಬೇರೆ.

ಕೊಬ್ಬಿನ ನಂಟು ನಿಜವಾಗಿ ಚಿಕಿತ್ಸೆಗೆ ಬಂದಿರುವುದು ಬೇರೆ ಕಡೆಯಿಂದ. ಈ ಜೀವಕೋಶಗಳ ಪೊರೆಯ ಮೇಲೆ ಜಿಡಿ2 ಅಂತ ಇರುತ್ತದೆ, ಸಕ್ಕರೆ ಅಂಟಿದ ಒಂದು ಬಗೆಯ ಕೊಬ್ಬು. ಡೈನುಟುಕ್ಸಿಮಾಬ್ ಅನ್ನೋ ಔಷಧಿ ಅದನ್ನೇ ಗುರುತು ಹಿಡಿದು ಅಂಟಿಕೊಳ್ಳುತ್ತದೆ, ರೋಗನಿರೋಧಕ ಕಣಗಳು ಅಲ್ಲಿಗೆ ದಾಳಿ ಮಾಡುತ್ತವೆ. ಅಮೆರಿಕದಲ್ಲಿ 2015ರಲ್ಲೇ ಒಪ್ಪಿಗೆ ಸಿಕ್ಕಿದೆ. ನಿಮ್ಮ ಅಕ್ಕನ ಮಗುವಿಗೆ ಈ ಬಗೆಯ ಔಷಧಿ ಯೋಜನೆಯಲ್ಲಿ ಇದೆಯಾ ಅಂತ ಡಾಕ್ಟರನ್ನು ಕೇಳಿ. ಊಟದ ಪಟ್ಟಿಯನ್ನು ಆಸ್ಪತ್ರೆಯ ಡಯಟಿಷಿಯನ್ ಹತ್ತಿರವೇ ಬರೆಸಿಕೊಳ್ಳಿ, ಅವರು ತುಪ್ಪ ಹಾಕಿ ಅಂದರೆ ಹಾಕಿ.