ತಂಡಕ್ಕೆ ಬರೆಯಬೇಕಾಗಿದ್ದ ಇಂಗ್ಲಿಷ್ ಸಂದೇಶ: ಒಂದು ಆಪ್ತಸಲಹೆ ಪ್ರಕರಣ

(ಗುರುತು ಸಿಗದಂತೆ ವಿವರಗಳನ್ನು ಬದಲಾಯಿಸಲಾಗಿದೆ.)

ಮಂಜೇಶ್ವರ ತಾಲೂಕಿನ ಕಬಡ್ಡಿ ತಂಡವೊಂದರ ನಾಯಕರಾಗಿದ್ದ ಯುವಕರೊಬ್ಬರು, ರಾತ್ರಿ ನಿದ್ರೆ ಬರುತ್ತಿಲ್ಲ, ಫೋನ್ ಕೈಗೆತ್ತಿಕೊಂಡರೆ ಎದೆ ಹೊಡೆದುಕೊಳ್ಳುತ್ತದೆ ಎಂದು ಆಪ್ತಸಲಹೆಗೆ ಬಂದರು. ಅವರು ಹತ್ತನೆಯ ತರಗತಿಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದವರು. ಮಲಯಾಳವನ್ನು ಚೆನ್ನಾಗಿ ಮಾತನಾಡುತ್ತಾರೆ, ಆದರೆ ಬರೆಯಲಾರರು. ತಂಡದಲ್ಲಿ ತುಳು, ಮಲಯಾಳ, ಬ್ಯಾರಿ, ಕನ್ನಡ ಮನೆಮಾತಿನವರೆಲ್ಲ ಇರುವುದರಿಂದ ಅಂಕಣದಲ್ಲಿ ಬಾಯಿಗೆ ಬಂದ ಭಾಷೆ ನಡೆದರೂ ವಾಟ್ಸ್ಆ್ಯಪ್ ಗುಂಪಿನ ಸೂಚನೆಗಳು ಇಂಗ್ಲಿಷಿನಲ್ಲೇ ಹೋಗುವುದು ರೂಢಿ. 1956ರಲ್ಲಿ ಕೇರಳಕ್ಕೆ ಸೇರಿದ ಈ ಗಡಿನಾಡಿನಲ್ಲಿ ಇಂಥ ಏರ್ಪಾಡು ಅಪರೂಪವೇನಲ್ಲ.

ಒಮ್ಮೆ ಪಂದ್ಯ ಸೋತ ಮರುದಿನ ಅವರು 'ವಿ ಹ್ಯಾವ್ ಲಾಸ್ಟ್ ಯೆಸ್ಟರ್‌ಡೇ' ಎಂದು ಬರೆದಾಗ ಗುಂಪಿನಲ್ಲಿ ಒಬ್ಬರು ಅದನ್ನು ಎತ್ತಿ ತೋರಿಸಿ ನಕ್ಕಿದ್ದರು. ಅಂದಿನಿಂದ ಎರಡು ಸಾಲಿನ ಸೂಚನೆಯನ್ನೂ ಆ್ಯಪ್‌ಗೆ ಹಾಕಿ ತಿದ್ದಿಸುವುದು, ಚಿಕ್ಕಪ್ಪನ ಮಗಳಿಗೆ ತೋರಿಸುವುದು, ಮತ್ತೆ ಆ್ಯಪ್‌ಗೆ ಹಾಕುವುದು ನಡೆದಿತ್ತು. ಹಾಗೆ ತಿದ್ದಿದ ಸಂದೇಶಗಳು ಕಚೇರಿಯ ನೋಟೀಸಿನಂತಾಗಿ, 'ನಾಳೆ ಬೇಗ ಬನ್ನಿ' ಎಂಬ ಕೋರಿಕೆಯು ಬಾರದವರ ಮೇಲೆ ಕ್ರಮ ಕೈಗೊಳ್ಳಲಾಗುವುದೆಂಬ ಎಚ್ಚರಿಕೆಯಂತೆ ಕೇಳಿಸಿದ್ದರಿಂದ, ಜೊತೆಯವರು ಅವರಿಂದ ಸ್ವಲ್ಪ ದೂರವೇ ಸರಿದಿದ್ದರು.

ವ್ಯಾಕರಣಕ್ಕೆ ತಲೆ ಕೆಡಿಸಿಕೊಳ್ಳಬೇಡಿ ಎಂದು ನಾನು ಹೇಳಲಿಲ್ಲ. ಸರಿಯಾಗಿ ಬರೆಯಬೇಕೆಂಬ ಆಸೆ ಗೌರವಕ್ಕೆ ಅರ್ಹವಾದದ್ದು. ಆದರೆ ಆ ತಪ್ಪು ಎಲ್ಲಿಂದ ಬಂತೆಂಬುದನ್ನು ಇಬ್ಬರೂ ಕುಳಿತು ನೋಡಿದೆವು. 'ನಿನ್ನೆ ಹೇಳಿದ್ದೇನೆ', 'ನಿನ್ನೆ ಸೋತಿದ್ದೇವೆ' ಎನ್ನುವುದು ಕನ್ನಡದಲ್ಲಿ ಸಲೀಸು. ಇಂಗ್ಲಿಷಿನಲ್ಲಿ ಮಾತ್ರ, 'ನಿನ್ನೆ'ಯಂತಹ ಮುಗಿದ ಕಾಲವನ್ನು ಹೆಸರಿಸಿದ ಮೇಲೆ 'ಹ್ಯಾವ್' ಸೇರಿಸದೆ ಸರಳ ಭೂತಕಾಲವನ್ನೇ ಬಳಸಬೇಕು: 'ವಿ ಲಾಸ್ಟ್ ಯೆಸ್ಟರ್‌ಡೇ'. ಅವರನ್ನು ಕಾಡುತ್ತಿದ್ದ 'ದಿ' ಎಂಬುದಕ್ಕೆ ಸಮನಾದ ಪದ ಕನ್ನಡ, ತುಳು, ಮಲಯಾಳ ಯಾವುದರಲ್ಲೂ ಇಲ್ಲ; ನಕ್ಕವರೂ ಅಲ್ಲಿ ಎಡವುವವರೇ. ಮಾತೃಭಾಷೆಯ ವಾಕ್ಯರಚನೆ ಇನ್ನೊಂದು ಭಾಷೆಯೊಳಗೆ ಇಣುಕಿದ್ದನ್ನು ದಡ್ಡತನವೆಂದು ಇಷ್ಟು ಕಾಲ ಹೊತ್ತುಕೊಂಡಿದ್ದರಲ್ಲ ಎಂದು ನನಗೆ ಬಹಳ ಸಂಕಟವಾಯಿತು.

ಇಷ್ಟಾದರೂ, ಬರಲಿದ್ದ ಪಂದ್ಯಾವಳಿಗೆ ಹನ್ನೆರಡು ಮಂದಿಯ ಪಟ್ಟಿಯನ್ನು ತಿಳಿಸುವ ಒಂದು ಸಂದೇಶ ಮಾತ್ರ ಮುಗಿಯುತ್ತಲೇ ಇರಲಿಲ್ಲ. ಅಂಕಣಕ್ಕಿಳಿಯುವವರು ಏಳು ಮಂದಿ, ಉಳಿದ ಐವರು ಮೀಸಲು. "ಇದರಲ್ಲಿ ಯಾರ ಹೆಸರು ಬರೆಯುವುದು ಕಷ್ಟ?" ಎಂದು ಕೇಳಿದಾಗ ಅವರು ಬಹಳ ಹೊತ್ತು ಸುಮ್ಮನಿದ್ದು, "ಮೇಡಂ, ನನಗೆ ಕಬಡ್ಡಿ ಕಲಿಸಿದ ಅಣ್ಣ ಈ ಬಾರಿ ಮೀಸಲಿನಲ್ಲಿದ್ದಾರೆ" ಎಂದರು. ಎಡ ಕಾರ್ನರಿನಲ್ಲಿ ವರ್ಷಗಟ್ಟಲೆ ಆಡಿದ ಆ ಹಿರಿಯರಿಗೆ ಮೊಣಕಾಲು ನೋವು. ಯಾವ ಇಂಗ್ಲಿಷ್ ವಾಕ್ಯವೂ ಸರಿಹೋಗದಿರಲು ಕಾರಣ ಅಲ್ಲಿತ್ತು.

ನಾನು ಕೊಟ್ಟ ಸಲಹೆಗಳಲ್ಲಿ ಮೊದಲನೆಯದು, ಆ ಹಿರಿಯರ ಮನೆಗೆ ಹೋಗಿ, ಅವರಿಬ್ಬರ ತುಳುವಿನಲ್ಲೇ ವಿಷಯವನ್ನು ಹೇಳಿ, ಅವರ ಬೇಸರವನ್ನು ಪೂರ್ತಿ ಕೇಳಿಸಿಕೊಂಡ ಬಳಿಕವೇ ಪಟ್ಟಿಯನ್ನು ಗುಂಪಿಗೆ ಹಾಕುವುದು. ಗುಂಪಿನ ಸಂದೇಶದಲ್ಲಿ ಹೊತ್ತು, ಸ್ಥಳ, ಹೆಸರುಗಳು ಮಾತ್ರ ಚಿಕ್ಕ ವಾಕ್ಯಗಳಲ್ಲಿ ಇರಲಿ, ಯಾರನ್ನಾದರೂ ತಿದ್ದುವ ಮಾತು ಅಂಕಣದಲ್ಲೇ ಆಗಲಿ ಎಂದೆ. ಬರೆದದ್ದನ್ನು ಚಿಕ್ಕಪ್ಪನ ಮಗಳಿಗೆ ಒಂದು ಸಲ ತೋರಿಸಬಹುದು. ಅವಳು ಕ್ರಿಯಾಪದದ ಕಾಲವನ್ನು ತಿದ್ದಲಿ, ಧಾಟಿಯನ್ನು ಮುಟ್ಟದಿರಲಿ. ಕಳುಹಿಸಿದ ಮೇಲೆ ತೆರೆದು ಓದಬಾರದು. ಮತ್ತೆ ಮತ್ತೆ ಪರೀಕ್ಷಿಸುವುದು ಆ ಕ್ಷಣಕ್ಕೆ ಸಮಾಧಾನ ಕೊಟ್ಟರೂ, ಪರೀಕ್ಷಿಸದೆ ಇದ್ದರೂ ಏನೂ ಆಗುವುದಿಲ್ಲ ಎಂಬುದನ್ನು ಮನಸ್ಸು ಕಲಿಯದಂತೆ ಮಾಡಿ ಭಯವನ್ನು ಉಳಿಸುತ್ತದೆ. ಮೊದಮೊದಲು ಚಡಪಡಿಕೆ ಹೆಚ್ಚಾಗಬಹುದು, ಅದು ತಾನಾಗಿ ಇಳಿಯುವವರೆಗೆ ಕಾಯಬೇಕು ಎಂದು ಮುಂಚಿತವಾಗಿಯೇ ತಿಳಿಸಿದೆ.

ಮುಂದಿನ ಭೇಟಿಯಲ್ಲಿ ಅವರು ಹೇಳಿದಂತೆ, ಆ ಹಿರಿಯರು ಮೊದಲು ಮುಖ ತಿರುಗಿಸಿದರೂ ಕೊನೆಗೆ ತಮ್ಮ ಜಾಗದಲ್ಲಿ ಆಡುವ ಹುಡುಗನಿಗೆ ಹಿಡಿತ ಕಲಿಸಲು ಒಪ್ಪಿದರು. ಪಟ್ಟಿಯ ಸಂದೇಶದಲ್ಲಿ ಒಂದು 'ದಿ' ಬಿಟ್ಟುಹೋಗಿತ್ತು. ಯಾರೂ ಅದರ ಮಾತೆತ್ತಲಿಲ್ಲ. ನಿದ್ರೆ ಸುಧಾರಿಸಿದೆ. ಉದ್ಯೋಗದ ಸಂದರ್ಶನದಲ್ಲಿ ಇಂಗ್ಲಿಷ್ ಮಾತನಾಡುವ ಭಯ ಇನ್ನೂ ಇರುವುದರಿಂದ ಭೇಟಿಗಳನ್ನು ಮುಂದುವರಿಸಿದ್ದೇವೆ.